ಪೇಂಟರ್‌ನ ಬೈಗುಳ ಕೇಳಿಸಿಕೊಂಡ ಹುಡುಗ

ಕಾರಿನ ಕ್ಲಿಯರ್ ಕೋಟ್ ಮೇಲಿನ ಗೀರು ತೆಗೆಯೋ ಯಾವ ಶೆಡ್‌ಗೆ ಹೋದರೂ ಎರಡು ವಸ್ತು ಕಣ್ಣಿಗೆ ಬಿದ್ದೇ ಬೀಳುತ್ತವೆ. ಒಂದು, ಬಕೆಟ್ ನೀರಲ್ಲಿ ನೆನೆಸಿಟ್ಟ ವಾಟರ್ ಪೇಪರ್. ಇನ್ನೊಂದು, ಮಾಸ್ಕಿಂಗ್ ಟೇಪ್. ಉಳಿದಿದ್ದೆಲ್ಲ, ಅಂದ್ರೆ ಬಫಿಂಗ್ ಮೆಷಿನ್, ರಬ್ಬಿಂಗ್ ಕಾಂಪೌಂಡ್, ಪಾಲಿಶ್, ಶೆಡ್‌ನಿಂದ ಶೆಡ್‌ಗೆ ಬದಲಾಗುತ್ತೆ. ಈ ಎರಡು ಬದಲಾಗಲ್ಲ. ಇವೆರಡೂ ಸುಮಾರು ನೂರು ವರ್ಷದ ಹಿಂದೆ, ನಾಲ್ಕು ವರ್ಷದ ಅಂತರದಲ್ಲಿ, ಅಮೆರಿಕದ ಒಂದೇ ಕಂಪನಿಯಿಂದ ಹೊರಬಂದವು. ಮೊದಲನೆಯದನ್ನು ಗ್ಯಾರೇಜ್‌ಗಳಿಗೆ ಹೊತ್ತುಕೊಂಡು ಹೋಗ್ತಿದ್ದ ಹುಡುಗನೇ ಎರಡನೆಯದನ್ನು ಕಂಡುಹಿಡಿದ. ಅವನ ಹೆಸರು ರಿಚರ್ಡ್ ಗರ್ಲಿ ಡ್ರೂ.

ದೊಡ್ಡವರ ಬಗ್ಗೆ ಬರೆಯುವಾಗ ಬಹುವಚನ ಬಳಸೋದು ನಮ್ಮ ರೂಢಿ. ಆದರೆ ಈ ಕಥೆ ನಡೆಯೋ ಹೊತ್ತಿಗೆ ಡ್ರೂಗೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳಿಗಿಂತ ಒಂದೆರಡು ವರ್ಷ ಜಾಸ್ತಿ ಅಷ್ಟೆ. ಮೇಲಾಗಿ ಇಂಜಿನಿಯರಿಂಗ್ ಡ್ರಾಪ್‌ಔಟ್. ಹಾಗಾಗಿ ಏಕವಚನದಲ್ಲೇ ಹೇಳ್ತೀನಿ.

ಡ್ರೂ ಹುಟ್ಟಿದ್ದು 1899ರ ಜೂನ್ 22ರಂದು, ಮಿನೆಸೋಟ ರಾಜ್ಯದ ಸೇಂಟ್ ಪಾಲ್ ಊರಲ್ಲಿ. ಬಾಂಜೋ ಅಂತ ಒಂದು ತಂತಿವಾದ್ಯ ಇದೆಯಲ್ಲ, ಅದನ್ನು ಚೆನ್ನಾಗಿ ಬಾರಿಸ್ತಿದ್ದ. ಡ್ಯಾನ್ಸ್ ಹಾಲ್‌ಗಳಲ್ಲಿ ರಾತ್ರಿ ಬಾಂಜೋ ಬಾರಿಸಿ ಬಂದ ದುಡ್ಡಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದೋಕೆ ಸೇರಿದ. ಡಿಗ್ರಿ ಮುಗಿಸಲಿಲ್ಲ, ಮಧ್ಯದಲ್ಲೇ ಬಿಟ್ಟ. ಓದೋ ಆಸೆ ಮಾತ್ರ ಬಿಟ್ಟಿರಲಿಲ್ಲ ಅನ್ಸುತ್ತೆ, ಯಾಕಂದ್ರೆ ಅಂಚೆ ಮೂಲಕ ಮೆಷಿನ್ ಡಿಸೈನ್ ಕೋರ್ಸ್ ಕಲಿತ. ಆಮೇಲೆ ಊರಲ್ಲೇ ಇದ್ದ ಒಂದು ಸ್ಯಾಂಡ್ ಪೇಪರ್ ಕಂಪನಿಗೆ ಅರ್ಜಿ ಹಾಕಿದ. 1921ರಲ್ಲಿ ಅವನನ್ನು ಲ್ಯಾಬ್ ಟೆಕ್ನಿಷಿಯನ್ ಅಂತ ತಗೊಂಡ್ರು.

ಆ ಕಂಪನಿಯ ಹೆಸರು ಮಿನೆಸೋಟ ಮೈನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್. ಇವತ್ತು ತ್ರೀಎಂ ಅಂದ್ರೆ ಎಲ್ಲರಿಗೂ ಗೊತ್ತು. ಹೆಸರಲ್ಲಿ ಗಣಿ ಯಾಕಿದೆ ಅನ್ನೋದೇ ಒಂದು ತಮಾಷೆ. 1902ರಲ್ಲಿ ಐದು ಜನ ಸೇರಿ, ಉಜ್ಜೋ ಕೆಲಸಕ್ಕೆ ಬೇಕಾದ ಕೊರಂಡಮ್ ಅನ್ನೋ ಗಟ್ಟಿ ಖನಿಜ ತೆಗೀತೀವಿ ಅಂತ ಈ ಕಂಪನಿ ಶುರು ಮಾಡಿದ್ರು. ಅಗೆದ ಮೇಲೆ ಗೊತ್ತಾಯ್ತು, ಅದು ಕೊರಂಡಮ್ಮೇ ಅಲ್ಲ, ಉಜ್ಜೋಕೆ ಬಾರದ ಬೇರೆ ಕಲ್ಲು. ಗಣಿ ಕೈಕೊಟ್ಟ ಮೇಲೆ ಬೇರೆ ಕಡೆಯಿಂದ ಖನಿಜ ತರಿಸಿ, ಕಾಗದಕ್ಕೆ ಅಂಟಿಸಿ ಸ್ಯಾಂಡ್ ಪೇಪರ್ ಮಾಡೋಕೆ ಇಳಿದರು. ಎಷ್ಟೋ ವರ್ಷ ಕಷ್ಟದಲ್ಲೇ ನಡೀತು. ಲೆಕ್ಕಪತ್ರ ನೋಡ್ಕೊಳ್ಳೋಕೆ ಅಂತ 1907ರಲ್ಲಿ ಸೇರಿದ ವಿಲಿಯಂ ಮ್ಯಾಕ್‌ನೈಟ್ ಅನ್ನೋರು ಮೇಲೆ ಬಂದು ಕಂಪನಿ ನಡೆಸೋಕೆ ಶುರು ಮಾಡಿದ ಮೇಲೆ ಸ್ವಲ್ಪ ದಾರಿಗೆ ಬಂತು. ಈ ಮ್ಯಾಕ್‌ನೈಟ್ ಹೆಸರು ನೆನಪಿಟ್ಕೊಳ್ಳಿ.

ಡ್ರೂ ಸೇರಿದ ವರ್ಷವೇ ಕಂಪನಿ ಒಂದು ಹೊಸ ಸರಕು ಬಿಟ್ಟಿತ್ತು: ನೀರಲ್ಲಿ ನೆನೆಸಿದರೂ ಕರಗದ, ಹರಿಯದ ಸ್ಯಾಂಡ್ ಪೇಪರ್. ಫಿಲಡೆಲ್ಫಿಯಾದಲ್ಲಿ ಇಂಕ್ ತಯಾರಿಸ್ತಿದ್ದ ಫ್ರಾನ್ಸಿಸ್ ಓಕಿ ಅನ್ನೋರ ಐಡಿಯಾ ಅದು. ಓಕಿ ಖನಿಜದ ಸ್ಯಾಂಪಲ್ ಕಳಿಸಿ ಅಂತ ಕಂಪನಿಗೆ ಕಾಗದ ಬರೆದಿದ್ರು. ಸ್ಯಾಂಪಲ್ ಕಳಿಸಿ ಸುಮ್ಮನಾಗೋ ಬದಲು ಇಂಕ್ ಮಾಡೋರಿಗೆ ಇದು ಯಾಕಪ್ಪಾ ಬೇಕು ಅಂತ ಮ್ಯಾಕ್‌ನೈಟ್ ವಿಚಾರಿಸಿದ್ರು. ಕೊನೆಗೆ ಹಕ್ಕನ್ನೂ ಕೊಂಡ್ರು, ಓಕಿಯನ್ನೂ ಕೆಲಸಕ್ಕೆ ಕರ್ಕೊಂಡ್ರು. ವೆಟ್‌ಆರ್‌ಡ್ರೈ ಅಂತ ಹೆಸರಿಟ್ಟರು. ನಮ್ಮಲ್ಲಿ ಇಂಥ ಕಾಗದಕ್ಕೆ ಎಲ್ಲರೂ ವಾಟರ್ ಪೇಪರ್ ಅಂತಾರೆ.

ನೀರು ಹಾಕಿ ಉಜ್ಜೋದರಲ್ಲಿ ಅಂಥದ್ದೇನಿದೆ? ಒಣಗಿದ್ದಾಗ ಉಜ್ಜಿದರೆ ಬಂದ ಪುಡಿ ಕಾಗದದ ಹರಳುಗಳ ಮಧ್ಯೆ ತುಂಬಿಕೊಳ್ಳುತ್ತೆ, ಗಂಟು ಕಟ್ಟುತ್ತೆ, ಆ ಗಂಟೇ ಪೇಂಟ್ ಮೇಲೆ ಹೊಸ ಗೀರು ಎಳೆಯುತ್ತೆ. ನೀರು ಪುಡಿಯನ್ನು ತೊಳೆದುಕೊಂಡು ಹೋಗುತ್ತೆ, ಜೊತೆಗೆ ಬಿಸಿನೂ ಕಡಿಮೆ ಮಾಡುತ್ತೆ. ಇನ್ನೊಂದು ದೊಡ್ಡ ವಿಷಯ ಅಂದ್ರೆ ಆಗಿನ ಪೇಂಟ್‌ಗಳಲ್ಲಿ ಸೀಸ ಇರ್ತಿತ್ತು. ಒಣ ಪುಡಿ ದಿನಾ ಉಸಿರಲ್ಲಿ ಹೋದರೆ ಪೇಂಟರ್‌ಗಳ ಗತಿ ಏನು ಅಂತ ನೀವೇ ಯೋಚನೆ ಮಾಡಿ. ಒದ್ದೆ ಕಾಗದ ಬಂದ ಮೇಲೆ ಪುಡಿ ಗಾಳಿಗೆ ಹಾರೋದು ಕಡಿಮೆ ಆಯ್ತು. ಫಿನಿಶ್ ಚೆನ್ನಾಗಿ ಬರೋದಕ್ಕಿಂತ ಇದೇ ದೊಡ್ಡ ಲಾಭ ಅಂತ ನನಗನ್ಸುತ್ತೆ.

ಈ ಪೇಪರ್‌ನ ಸ್ಯಾಂಪಲ್‌ಗಳನ್ನು ಸೇಂಟ್ ಪಾಲ್‌ನ ಆಟೋ ಪೇಂಟ್ ಗ್ಯಾರೇಜ್‌ಗಳಿಗೆ ತಗೊಂಡು ಹೋಗಿ, ಕೊಟ್ಟು, ಹೇಗೆ ಉಜ್ಜುತ್ತೆ ಅಂತ ನೋಡ್ಕೊಂಡು ಬರೋದು ಡ್ರೂನ ಕೆಲಸ. ಇಂಟರ್ನ್‌ಗಳಿಗೆ ಕೊಡೋ ಥರದ ಕೆಲಸ. ಲ್ಯಾಬ್‌ನಲ್ಲಿ ಕೂತವರಿಗೆ ಕಾಣದೆ ಇದ್ದದ್ದು ಅವನಿಗೆ ಕಂಡಿದ್ದು ಇದರಿಂದಲೇ.

ಆ ಕಾಲದ ಕಾರ್ ಪೇಂಟ್ ಬಗ್ಗೆ ಸ್ವಲ್ಪ ಹೇಳ್ಬೇಕು. ಅಲ್ಲಿವರೆಗೂ ವಾರ್ನಿಷ್ ಥರದ ಫಿನಿಶ್, ಒಂದರ ಮೇಲೊಂದು ಕೋಟ್ ಒಣಗಿಸಿ ಮುಗಿಸೋಕೆ ವಾರಗಟ್ಟಲೆ ಬೇಕಾಗ್ತಿತ್ತು. ಫೋರ್ಡ್ ಮಾಡೆಲ್ ಟಿ 1914ರಿಂದ ಸುಮಾರು ಹನ್ನೊಂದು ವರ್ಷ ಕಪ್ಪು ಬಣ್ಣದಲ್ಲಿ ಮಾತ್ರ ಸಿಗ್ತಿತ್ತು. 1923ರಲ್ಲಿ ಡುಪಾಂಟ್ ಮತ್ತು ಜನರಲ್ ಮೋಟಾರ್ಸ್ ಸೇರಿ ನೈಟ್ರೋಸೆಲ್ಯುಲೋಸ್ ಲ್ಯಾಕರ್ ತಂದರು. ಡ್ಯೂಕೋ ಅಂತ ಅದರ ಹೆಸರು. ಬೇಗ ಒಣಗ್ತಿತ್ತು, ಬೇರೆ ಬೇರೆ ಬಣ್ಣದಲ್ಲೂ ಸಿಗ್ತಿತ್ತು. ಇದೇ ಹೊತ್ತಲ್ಲಿ ಜನರಿಗೆ ಎರಡು ಬಣ್ಣದ ಕಾರಿನ ಹುಚ್ಚು ಹಿಡಿದಿತ್ತು. ಮೇಲೊಂದು ಬಣ್ಣ, ಕೆಳಗೊಂದು ಬಣ್ಣ, ಮಧ್ಯೆ ಚೂಪಾದ ಗೆರೆ.

ಆ ಗೆರೆಯೇ ಪೇಂಟರ್‌ಗಳ ತಲೆನೋವು. ಒಂದು ಬಣ್ಣ ಹೊಡೆದ ಜಾಗ ಮುಚ್ಚಿ ಪಕ್ಕದಲ್ಲಿ ಇನ್ನೊಂದು ಹೊಡೀಬೇಕು. ಮುಚ್ಚೋಕೆ ಏನಿತ್ತು? ನ್ಯೂಸ್ ಪೇಪರ್ ಅಥವಾ ದಪ್ಪ ಕಾಗದ, ಅಂಟಿಸೋಕೆ ಗೋಂದು, ಇಲ್ಲಾಂದ್ರೆ ಆಸ್ಪತ್ರೆಯಲ್ಲಿ ಗಾಯಕ್ಕೆ ಹಾಕೋ ಟೇಪ್. ಅದು ಪೇಂಟ್‌ಗೆ ಎಷ್ಟು ಗಟ್ಟಿಯಾಗಿ ಕಚ್ಚಿಕೊಳ್ತಿತ್ತು ಅಂದ್ರೆ, ಕಿತ್ತಾಗ ಕೆಳಗಿನ ಹೊಸ ಪೇಂಟೂ ಅದರ ಜೊತೆ ಎದ್ದು ಬರ್ತಿತ್ತು. ಮತ್ತೆ ಉಜ್ಜು, ಮತ್ತೆ ಹೊಡಿ, ಮತ್ತೆ ಒಣಗಿಸು. ನಷ್ಟ ಗ್ಯಾರೇಜ್‌ನದ್ದು.

1923ರಲ್ಲಿ ಒಂದು ದಿನ ಡ್ರೂ ತನ್ನ ಸ್ಯಾಂಡ್ ಪೇಪರ್ ಹಿಡ್ಕೊಂಡು ಗ್ಯಾರೇಜ್ ಒಳಗೆ ಕಾಲಿಟ್ಟಾಗ ಅಲ್ಲಿ ಇದೇ ನಡೀತಿತ್ತು. ಮುಗಿಸಿದ ಕೆಲಸವೊಂದು ಕಿತ್ತುಬಂದು ಪೇಂಟರ್ ಬಾಯಿಗೆ ಬಂದಿದ್ದೆಲ್ಲ ಬೈತಾ ನಿಂತಿದ್ದ. ಸ್ಯಾಂಡ್ ಪೇಪರ್ ಮಾರೋಕೆ ಬಂದವನಿಗೂ ಈ ಗೋಳಿಗೂ ಸಂಬಂಧ ಇಲ್ಲ. ಸ್ಯಾಂಪಲ್ ಇಟ್ಟು ಹೊರಡಬಹುದಿತ್ತು. ಹಾಗೆ ನೋಡಿದರೆ ಪೇಂಟ್ ಕಿತ್ತಷ್ಟೂ ಸ್ಯಾಂಡ್ ಪೇಪರ್ ಜಾಸ್ತಿ ಖರ್ಚಾಗುತ್ತೆ, ಕಂಪನಿಗೆ ಲಾಭವೇ! ಆದರೆ ಡ್ರೂ ಅಲ್ಲೇ ನಿಂತು, ಇದಕ್ಕೊಂದು ಪರಿಹಾರ ನಾನು ಮಾಡಿಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟ. ಟೇಪ್ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಅವನ ಕಂಪನಿ ಆವರೆಗೆ ಟೇಪ್ ಮಾಡಿಯೇ ಇರಲಿಲ್ಲ.

ಸುಲಭದ ಸಮಸ್ಯೆ ಅಂದ್ಕೋಬೇಡಿ. ಗಟ್ಟಿಯಾಗಿ ಅಂಟಿಸೋದು ಕಷ್ಟ ಅಲ್ಲ. ಅಂಟಿಸಿ, ಬೇಕಾದಾಗ ಚೂರೂ ಗುರುತಿಲ್ಲದೆ ಬಿಡಿಸೋದು ಕಷ್ಟ. ಇಲ್ಲಿ ಮೂರು ಹಿಡಿತಗಳ ಜಗಳ ಇದೆ: ಅಂಟಿಗೂ ಪೇಂಟ್‌ಗೂ ಇರೋ ಹಿಡಿತ, ಅಂಟಿಗೂ ಕಾಗದಕ್ಕೂ ಇರೋ ಹಿಡಿತ, ಅಂಟಿನ ಒಳಗೇ ಅದಕ್ಕೆ ಇರೋ ಹಿಡಿತ. ಮೊದಲನೆಯದು ಉಳಿದೆರಡಕ್ಕಿಂತ ಕಡಿಮೆ ಇರಲೇಬೇಕು. ಇಲ್ಲದಿದ್ದರೆ ಟೇಪ್ ಕಿತ್ತಾಗ ಅಂಟು ಪೇಂಟ್ ಮೇಲೇ ಉಳಿಯುತ್ತೆ. ಆದರೆ ತೀರಾ ಕಡಿಮೆ ಆದರೂ ಆಗಲ್ಲ, ಅಂಚಿನ ಕೆಳಗೆ ಬಣ್ಣ ನುಗ್ಗಿಬಿಡುತ್ತೆ. ಜೊತೆಗೆ ಪೇಂಟಿನ ದ್ರಾವಕ ಕಾಗದ ದಾಟಿ ಒಳಗೆ ಇಳೀಬಾರದು. ಸುರುಳಿ ಸುತ್ತಿಟ್ಟರೆ ಒಂದು ಸುತ್ತಿನ ಅಂಟು ಮುಂದಿನ ಸುತ್ತಿನ ಬೆನ್ನಿಗೆ ಕಚ್ಚಿ ಕೂರಬಾರದು. ಮಡ್‌ಗಾರ್ಡ್‌ನ ತಿರುವಿನಲ್ಲಿ ಸುಕ್ಕು ಬೀಳದೆ ಬಾಗಬೇಕು. ಇಷ್ಟನ್ನೂ ಒಂದೇ ಪಟ್ಟಿ ಕಾಗದ ಮಾಡಬೇಕು.

ಎರಡು ವರ್ಷ ಹಿಡೀತು. ಸಸ್ಯಜನ್ಯ ಎಣ್ಣೆ, ಥರಾವರಿ ರಾಳ, ಚೂಯಿಂಗ್ ಗಮ್‌ಗೆ ಹಾಕೋ ಚಿಕಲ್, ಅಗಸೆ ಎಣ್ಣೆ, ಗ್ಲಿಸರಿನ್, ಕೈಗೆ ಸಿಕ್ಕಿದ್ದನ್ನೆಲ್ಲ ಕುದಿಸಿ ಬೆರೆಸಿ ನೋಡಿದ. ಕೊನೆಗೆ ಕೈ ಹಿಡಿದ ಅಂಟು ಯಾವುದು ಗೊತ್ತಾ? ಬಡಗಿಗಳು ಮರ ಕೂಡಿಸೋಕೆ ಬಳಸ್ತಿದ್ದ ಮಾಮೂಲಿ ಅಂಟೇ. ಅದಕ್ಕೆ ಗ್ಲಿಸರಿನ್ ಸೇರಿಸಿದಾಗ ಪೂರ್ತಿ ಒಣಗಿ ಕಲ್ಲಾಗದೆ ಮೆತ್ತಗೆ, ಜಿಗುಟಾಗೇ ಉಳಿಯಿತು. ಅಂಟು ಸಿಕ್ಕರೂ ಕಾಗದ ಸಿಗಲಿಲ್ಲ. ಯಾವ ಕಾಗದ ತಗೊಂಡರೂ ಒಂದೋ ಹರಿಯುತ್ತೆ, ಇಲ್ಲವೋ ಬಾಗಲ್ಲ.

ಇಷ್ಟರಲ್ಲಿ ಮ್ಯಾಕ್‌ನೈಟ್‌ಗೆ ತಾಳ್ಮೆ ಮುಗಿದಿತ್ತು. ಹುಡುಗನನ್ನು ಸಂಬಳ ಕೊಟ್ಟು ಇಟ್ಕೊಂಡಿರೋದು ಸ್ಯಾಂಡ್ ಪೇಪರ್‌ಗೆ. ಟೇಪ್ ಬಿಟ್ಟು ಮೊದಲಿನ ಕೆಲಸಕ್ಕೆ ವಾಪಸ್ ಹೋಗು ಅಂತ ಹೇಳಿಬಿಟ್ಟರು. ಡ್ರೂ ಹೋದ. ಒಂದಷ್ಟು ಸಮಯ ಸ್ಯಾಂಡ್ ಪೇಪರ್ ಕೆಲಸ ಮಾಡಿದ. ಅಷ್ಟರಲ್ಲಿ ಬೆನ್ನಿನ ಕಾಗದಕ್ಕೆ ಹೊಸ ಐಡಿಯಾ ಹೊಳೀತು: ಸುಕ್ಕು ಸುಕ್ಕಾಗಿ ನೆರಿಗೆ ಇರೋ ಕ್ರೇಪ್ ಪೇಪರ್. ನೆರಿಗೆ ಇದ್ದರೆ ಎಳೆದಾಗ ಹಿಗ್ಗುತ್ತೆ, ತಿರುವಿನಲ್ಲಿ ಬಾಗುತ್ತೆ. ಮತ್ತೆ ಲ್ಯಾಬ್‌ಗೆ ಬಂದು ಕದ್ದುಮುಚ್ಚಿ ಶುರು ಮಾಡಿದ. ಮ್ಯಾಕ್‌ನೈಟ್ ಆ ಕಡೆ ಬಂದವರು ಅದನ್ನು ನೋಡಿದರು. ನೋಡಿಯೂ ಏನೂ ಅನ್ನದೆ ಹೋದರು.

ಆ ಕಾಲದಲ್ಲಿ ಡಿಗ್ರಿ ಇಲ್ಲದ ಹುಡುಗ ಬಾಸ್ ಹೇಳಿದ ಮಾತು ಮೀರಿದರೆ ಕೆಲಸ ಹೋಗೋದು ದೊಡ್ಡ ಮಾತಲ್ಲ. ಡ್ರೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಟೇಪ್ ಮಾಡೋಕೆ ಒಂದು ಮೆಷಿನ್ ಬೇಕಾಗಿತ್ತು. ದುಡ್ಡು ಕೇಳಿದ, ಮ್ಯಾಕ್‌ನೈಟ್ ಇಲ್ಲ ಅಂದರು. ಆದರೆ ಅವನ ಹುದ್ದೆಗೆ 100 ಡಾಲರ್‌ವರೆಗಿನ ಖರೀದಿಗೆ ಯಾರನ್ನೂ ಕೇಳೋ ಹಾಗಿರಲಿಲ್ಲ. ಹಾಗಾಗಿ 99 ಡಾಲರ್‌ನ ಬಿಲ್‌ಗಳನ್ನು ಒಂದಾದ ಮೇಲೊಂದು ಪಾಸ್ ಮಾಡಿಸಿ ಮೆಷಿನ್ ತರಿಸಿಕೊಂಡ! ಆಮೇಲೆ ಕೆಲಸ ಕೈಗೂಡಿದ ಮೇಲೆ ತಾನೇ ಮ್ಯಾಕ್‌ನೈಟ್ ಹತ್ತಿರ ಒಪ್ಪಿಕೊಂಡ ಅಂತ ಕಂಪನಿಯ ಚರಿತ್ರೆಯೇ ಹೇಳುತ್ತೆ. ಟೇಪ್ ಫೇಲ್ ಆಗಿದ್ದರೆ ಇದೇ ಕೆಲಸಕ್ಕೆ ಮೋಸ ಅಂತ ಹೆಸರು ಬರ್ತಿತ್ತು. ಗೆದ್ದಿದ್ದಕ್ಕೆ ಸಾಹಸ ಅನ್ನಿಸಿಕೊಂಡಿತು. ಈ ಭಾಗ ಓದುವಾಗ ನನಗೆ ಪೂರ್ತಿ ಸಮಾಧಾನ ಆಗಲ್ಲ, ಆದರೂ ಇಷ್ಟ ಆಗುತ್ತೆ.

1925ರಲ್ಲಿ ಮಾಸ್ಕಿಂಗ್ ಟೇಪ್ ಹೊರಬಂತು. ಎರಡು ಇಂಚು ಅಗಲದ ಕ್ರೇಪ್ ಪೇಪರ್ ಪಟ್ಟಿ. ಇದಕ್ಕೆ ಸ್ಕಾಚ್ ಅನ್ನೋ ಹೆಸರು ಹೇಗೆ ಬಂತು ಅನ್ನೋದಕ್ಕೆ ಒಂದು ಕಥೆ ಓಡಾಡುತ್ತೆ. ಮೊದಲ ಸ್ಯಾಂಪಲ್‌ನಲ್ಲಿ ಅಂಟು ಎರಡು ಅಂಚಿಗೆ ಮಾತ್ರ ಇತ್ತಂತೆ, ಮಧ್ಯೆ ಖಾಲಿ. ಪೇಂಟರ್ ಹಚ್ಚಿ ನೋಡಿದ, ಟೇಪ್ ಉದುರಿ ಬಿತ್ತು. ಆಗ ಅವನು ರೇಗಿ, ನಿನ್ನ ಸ್ಕಾಚ್ ಬಾಸ್‌ಗಳಿಗೆ ಇನ್ನಷ್ಟು ಅಂಟು ಹಾಕೋಕೆ ಹೇಳು ಅಂತ ಅಂದನಂತೆ. ಸ್ಕಾಟ್ಲೆಂಡಿನವರು ಜಿಪುಣರು ಅನ್ನೋ ಹಳೇ ಕುಹಕ ಅದು, ಒಳ್ಳೇ ಮಾತೇನಲ್ಲ. ಬೈಗುಳದ ಪದವನ್ನೇ ಕಂಪನಿ ಬ್ರ್ಯಾಂಡ್ ಮಾಡಿಕೊಂಡಿತು. ಪೇಟೆಂಟ್ ಸಿಕ್ಕಿದ್ದು 1930ರಲ್ಲಿ.

ಇದೆಲ್ಲ ಲ್ಯಾಕರ್ ಕಾಲದ ಮಾತಾಯ್ತು, ಕ್ಲಿಯರ್ ಕೋಟ್‌ಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಈಗಿನ ಕಾರಿನ ಬಾಡಿ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ ಕೊಡೋ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಹೊಳಪು ಕೊಡೋದು, ಬಿಸಿಲಿನಿಂದ ಬಣ್ಣ ಕಾಪಾಡೋದು ಈ ಕೊನೆಯ ಪದರ. ಅದರ ದಪ್ಪ ಸುಮಾರು 40–50 ಮೈಕ್ರಾನ್. ನಮ್ಮ ತಲೆಗೂದಲೇ ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಕ್ಲಿಯರ್ ಕೋಟ್ ಮೇಲಿನ ಗೀರನ್ನು ಉಜ್ಜಿ ತೆಗೀತೀವಿ ಅಂದ್ರೆ ಗೀರನ್ನು ತುಂಬಿಸ್ತಿಲ್ಲ. ಗೀರಿನ ತಳ ಎಲ್ಲಿದೆಯೋ ಅಲ್ಲಿವರೆಗೆ ಸುತ್ತಲಿನ ಪದರವನ್ನು ಇಳಿಸ್ತಿದ್ದೀವಿ. ಅಂದ್ರೆ ಪ್ರತಿ ಸಲ ರಿಪೇರಿ ಮಾಡಿದಾಗಲೂ ಇರೋ ಗಂಟಲ್ಲಿ ಸ್ವಲ್ಪ ಖರ್ಚು. ಉಗುರು ಆಡಿಸಿದಾಗ ಗೀರಿಗೆ ಸಿಕ್ಕಿಕೊಂಡರೆ ಅದು ಆಳ ಇದೆ ಅಂತ ಅರ್ಥ, ಬರೀ ಉಜ್ಜಿ ತೆಗೆಯೋಕೆ ಹೋಗಬಾರದು.

ಡ್ರೂನ ಟೇಪ್ ಇಲ್ಲಿ ಬರುತ್ತೆ. ಬಾನೆಟ್‌ನ ಅಂಚು, ಬಾಗಿಲಿನ ಏಣು, ಬಾಡಿ ಲೈನ್, ಇಂಥ ಕಡೆ ಪೇಂಟ್ ತೆಳುವಾಗಿರುತ್ತೆ, ಉಜ್ಜುವಾಗ ಕೈಯ ಒತ್ತಡ ಪೂರ್ತಿ ಆ ಒಂದೇ ಗೆರೆ ಮೇಲೆ ಬೀಳುತ್ತೆ. ಕೆಲಸ ಗೊತ್ತಿರೋ ಪೇಂಟರ್ ಮೊದಲು ಅಲ್ಲೆಲ್ಲ ಟೇಪ್ ಹಾಕ್ತಾನೆ. ಆಮೇಲೆ 2000 ಗ್ರಿಟ್ ವಾಟರ್ ಪೇಪರ್, ನೀರಿಗೆ ಒಂದು ತೊಟ್ಟು ಶಾಂಪೂ. ಉಜ್ಜುವಾಗ ಇಳಿಯೋ ನೀರು ಬೆಳ್ಳಗಿದ್ದರೆ ಇನ್ನೂ ಕ್ಲಿಯರ್ ಕೋಟ್‌ನಲ್ಲೇ ಇದ್ದೀವಿ. ಕಾರಿನ ಬಣ್ಣ ಕಾಣಿಸಿಕೊಂಡರೆ ಬೇಸ್ ಕೋಟ್ ಮುಟ್ಟಿಬಿಟ್ಟೆವು, ಇನ್ನು ಮತ್ತೆ ಪೇಂಟ್ ಹೊಡೆಸೋದೇ ಗತಿ. ಎಲ್ಲ ಸರಿ ಹೋದರೆ 3000 ಗ್ರಿಟ್, ಆಮೇಲೆ ಕಾಂಪೌಂಡ್, ಕೊನೆಗೆ ಪಾಲಿಶ್. ಪ್ರತಿ ಹಂತದಲ್ಲೂ ಹಿಂದಿನ ಹಂತದ ಗೀರುಗಳನ್ನು ಇನ್ನೂ ಸಣ್ಣ ಗೀರುಗಳಿಂದ ಅಳಿಸ್ತಾ ಹೋಗೋದು, ಕಣ್ಣಿಗೆ ಕಾಣದಷ್ಟು ಸಣ್ಣದಾಗೋವರೆಗೆ. ಹೊಸದಾಗಿ ಹೊಡೆದ ಕ್ಲಿಯರ್ ಕೋಟ್ ಎಲ್ಲಾದರೂ ಸೋರಿ ಹನಿಗಟ್ಟಿದ್ದರೆ, ಹನಿಯ ಎರಡೂ ಪಕ್ಕ ಟೇಪ್ ಹಾಕಿ ಹನಿಯನ್ನು ಮಾತ್ರ ಉಜ್ಜಿ ಇಳಿಸ್ತಾರೆ. ಪಕ್ಕದ ಒಳ್ಳೇ ಪೇಂಟ್‌ಗೆ ಏನೂ ಆಗಲ್ಲ. ಟೇಪ್ ಎದ್ದು ಬರುವಾಗ ಕ್ಲಿಯರ್ ಕೋಟ್‌ನೂ ಕಿತ್ತುಕೊಂಡು ಬರುತ್ತೆ ಅನ್ನೋ ಭಯ ಇದ್ದಿದ್ದರೆ ಇದ್ಯಾವುದೂ ಆಗ್ತಿರಲಿಲ್ಲ.

ಡ್ರೂ ಇಲ್ಲಿಗೆ ನಿಲ್ಲಲಿಲ್ಲ. 1929ರ ಹೊತ್ತಿಗೆ ಡುಪಾಂಟ್‌ನ ಸೆಲೊಫೇನ್ ಅಂಗಡಿ, ಬೇಕರಿಗಳಲ್ಲಿ ಪ್ಯಾಕ್ ಮಾಡೋಕೆ ಬಂದಿತ್ತು. ತೇವ ಒಳಗೆ ಬಿಡದ ಈ ಪಾರದರ್ಶಕ ಹಾಳೆಗೇ ಅಂಟು ಬಳಿದರೆ ಹೇಗೆ ಅನ್ನೋದು ಅವನ ಯೋಚನೆ. ಹೇಳೋಕೆ ಸುಲಭ. ಬಿಸಿ ತಾಗಿದರೆ ಸೆಲೊಫೇನ್ ಮುದುರಿಕೊಳ್ತಿತ್ತು, ಮೆಷಿನ್‌ನಲ್ಲಿ ಸೀಳಿ ಹೋಗ್ತಿತ್ತು, ಅಂಟು ಸಮವಾಗಿ ಕೂರ್ತಿರಲಿಲ್ಲ. ಮೊದಲು ಪ್ರೈಮರ್ ಬಳಿದು ಆಮೇಲೆ ಅಂಟು ಬಳಿಯೋದು ಅಂತ ದಾರಿ ಸಿಕ್ಕಿತು, ಅದೂ ಕಾರ್ ಪೇಂಟಿಂಗ್‌ನ ಥರವೇ. 1930ರ ಸೆಪ್ಟೆಂಬರ್‌ನಲ್ಲಿ ಮೊದಲ ಸುರುಳಿ ಶಿಕಾಗೋದ ಗಿರಾಕಿಯೊಬ್ಬರಿಗೆ ಹೋಯ್ತು.

ಅದು ಗ್ರೇಟ್ ಡಿಪ್ರೆಷನ್ ಕಾಲ. ಕಂಪನಿಗಳು ಮುಚ್ತಿದ್ದವು, ಜನರ ಹತ್ತಿರ ಹೊಸದು ಕೊಳ್ಳೋಕೆ ದುಡ್ಡಿರಲಿಲ್ಲ. ಪ್ಯಾಕಿಂಗ್‌ಗೆ ಅಂತ ಮಾಡಿದ ಟೇಪನ್ನು ಜನ ಹರಿದ ಪುಸ್ತಕಕ್ಕೆ, ಬಿರುಕು ಬಿಟ್ಟ ವಸ್ತುಗಳಿಗೆ, ಮನೆಯಲ್ಲಿ ಏನೇನು ಮುರಿದಿತ್ತೋ ಅದಕ್ಕೆಲ್ಲ ಹಚ್ಚೋಕೆ ಶುರು ಮಾಡಿದರು. ಎಷ್ಟೋ ಕಂಪನಿಗಳು ಮುಳುಗಿದ ಆ ವರ್ಷಗಳಲ್ಲಿ ತ್ರೀಎಂ ಬೆಳೆಯಿತು. ನಾವು ರೆಕಾರ್ಡ್ ಬುಕ್‌ಗೆ ಗ್ರಾಫ್ ಅಂಟಿಸೋ ಪಾರದರ್ಶಕ ಟೇಪ್‌ನ ಮೂಲ ಇದೇ.

1943ರಲ್ಲಿ ಕಂಪನಿ ಡ್ರೂಗೆ ಒಂದು ಪ್ರತ್ಯೇಕ ಲ್ಯಾಬ್ ಕೊಟ್ಟಿತು, ಪ್ರೊ-ಫ್ಯಾಬ್ ಅಂತ ಕರೀತಿದ್ದರು. ಹೊಸ ಐಡಿಯಾಗಳ ಬೆನ್ನು ಹತ್ತೋದಷ್ಟೇ ಅಲ್ಲಿನ ಕೆಲಸ, ಬೇರೆ ಕಡೆ ಹೊಂದಿಕೊಳ್ಳದವರನ್ನೂ ಡ್ರೂ ಅಲ್ಲಿಗೆ ಸೇರಿಸಿಕೊಳ್ತಿದ್ದ. ಇನ್ನು ಮ್ಯಾಕ್‌ನೈಟ್? ನೌಕರರಿಗೆ ತಮ್ಮ ದಾರಿಯಲ್ಲಿ ಕೆಲಸ ಮಾಡೋಕೆ ಬಿಡಬೇಕು, ತಪ್ಪಾದರೂ ಕತ್ತು ಹಿಸುಕಬಾರದು ಅನ್ನೋದನ್ನು 1948ರಲ್ಲಿ ಕಂಪನಿಯ ತತ್ವವಾಗಿ ಬರೆದಿಟ್ಟರು. ಕೆಲಸದ ಸಮಯದ ಶೇಕಡಾ 15ರಷ್ಟನ್ನು ತಮ್ಮದೇ ಪ್ರಾಜೆಕ್ಟ್‌ಗೆ ಬಳಸಬಹುದು ಅನ್ನೋ ತ್ರೀಎಂ ರೂಢಿಯ ಬಗ್ಗೆ ಕೇಳಿರಬಹುದು. ಅದರ ಹಿಂದೆ ಈ 99 ಡಾಲರ್ ಹುಡುಗನ ನೆರಳಿದೆ.

ಡ್ರೂ 1962ರಲ್ಲಿ ನಿವೃತ್ತನಾದ. ಅಷ್ಟರಲ್ಲಿ ಅವನ ಹೆಸರಲ್ಲಿ 30 ಪೇಟೆಂಟ್ ಇದ್ದವು, ಹೆಸರ ಮುಂದೆ ಡಿಗ್ರಿ ಇರಲಿಲ್ಲ. 1980ರ ಡಿಸೆಂಬರ್ 14ರಂದು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡ. ಕಾರ್ ಫ್ಯಾಕ್ಟರಿಗಳು ಬೇಸ್ ಕೋಟ್, ಕ್ಲಿಯರ್ ಕೋಟ್ ಪದ್ಧತಿಗೆ ದೊಡ್ಡ ಪ್ರಮಾಣದಲ್ಲಿ ಬದಲಾಗ್ತಿದ್ದ ದಿನಗಳು ಅವು. 2007ರಲ್ಲಿ ಅಮೆರಿಕದ ನ್ಯಾಷನಲ್ ಇನ್ವೆಂಟರ್ಸ್ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿತು. ಸೇಂಟ್ ಪಾಲ್‌ನ ಆ ಗ್ಯಾರೇಜ್‌ನಲ್ಲಿ ಬೈತಾ ನಿಂತಿದ್ದ ಪೇಂಟರ್‌ನ ಹೆಸರನ್ನು ಮಾತ್ರ ಯಾರೂ ಬರೆದಿಟ್ಟುಕೊಂಡ ಹಾಗಿಲ್ಲ.